ಅಪ್ಪನ ಎಎಫ್‌ಪಿ 38 ಬಂದಿದೆ, ಇದು ಲಿವರ್ ಕ್ಯಾನ್ಸರಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಚಳ್ಳಕೆರೆ ಹತ್ತಿರದ ಒಂದು ಹಳ್ಳಿ. ಅಪ್ಪನಿಗೆ 56 ವರ್ಷ. ಶುಗರ್ ಇದೆ, ಕುಡಿಯುವ ಅಭ್ಯಾಸ ಇಲ್ಲ. ಹೋದ ತಿಂಗಳು ದಾವಣಗೆರೆಗೆ ಬಂದು ಫುಲ್ ಬಾಡಿ ಚೆಕಪ್ ಮಾಡಿಸಿದೆವು. ಆ ಪ್ಯಾಕೇಜಿನಲ್ಲಿ ಎಎಫ್‌ಪಿ ಅನ್ನೋ ಟೆಸ್ಟ್ ಇತ್ತು. ಅದು 38 ಬಂದಿದೆ. ಪಕ್ಕದಲ್ಲಿ 'ಟ್ಯೂಮರ್ ಮಾರ್ಕರ್' ಎಂದು ಬರೆದಿದೆ. ಎಸ್‌ಜಿಪಿಟಿ 112. ಹೊಟ್ಟೆ ಸ್ಕ್ಯಾನಿಂಗಿನಲ್ಲಿ ಗಡ್ಡೆ ಏನೂ ಕಾಣಲಿಲ್ಲ, ಆದರೆ ಲಿವರ್ 'ಕೋರ್ಸ್' ಆಗಿದೆ ಅಂತ ಬರೆದಿದ್ದಾರೆ. ಮೂರು ವರ್ಷದ ಹಿಂದೆ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಲಿವರ್ ಕ್ಯಾನ್ಸರಿನಲ್ಲಿ ತೀರಿಕೊಂಡರು. ಅವರಿಗೆ ಇದೇ ಟೆಸ್ಟ್ ಬರೀ 6 ಇತ್ತು, ನಾರ್ಮಲ್. ಹಾಗಾದರೆ ಈ ಟೆಸ್ಟನ್ನು ನಂಬೋದಾ, ಬಿಡೋದಾ? ಇನ್ನೊಂದು ಲ್ಯಾಬಿನವರು ಪಿವ್ಕಾ, ಸಿಎ 19-9 ಎಲ್ಲಾ ಮಾಡಿಸಿ ಅಂತಾರೆ. ಐದು ತಿಂಗಳ ಗರ್ಭಿಣಿ ಅಕ್ಕನೂ ಹೆದರಿಕೊಂಡು 'ನನಗೂ ಎಎಫ್‌ಪಿ ಮಾಡಿಸಿ' ಅಂತಿದ್ದಾಳೆ. ಅಪ್ಪ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ.

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಊಟ ಮಾಡಿಸಿ. 38 ಎಂಬ ಒಂದು ಅಂಕಿಯನ್ನು ಕೈಯಲ್ಲಿ ಹಿಡಿದು ಲಿವರ್ ಕ್ಯಾನ್ಸರ್ ಇದೆ ಎಂದು ಯಾವ ಡಾಕ್ಟರೂ ಹೇಳಲಾರರು. ಹಾಗಂತ ರಿಪೋರ್ಟನ್ನು ಮಡಚಿ ಬೀರುವಿನಲ್ಲಿ ಇಟ್ಟುಬಿಡಬೇಡಿ. ಇನ್ನು ಹತ್ತು ಹದಿನೈದು ದಿನದೊಳಗೆ ಎರಡು ಕೆಲಸ ಆಗಬೇಕು. ಒಂದು ರಕ್ತದ ಪರೀಕ್ಷೆ, ಒಂದು ಸ್ಕ್ಯಾನಿಂಗ್. ಎರಡೂ ಯಾವುವು, ಯಾಕೆ ಬೇಕು ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತಿದ್ದು ದೊಡ್ಡಪ್ಪನ ವಿಷಯ ಬರೆದ ಸಾಲಿನ ಮೇಲೆ. ಅದರ ಬಗ್ಗೆ ಜಾಸ್ತಿ ಮಾತಾಡಬೇಕಿದೆ. ಆದರೆ ನಿಮಗೆ ಈಗ ನಿದ್ದೆ ಕೆಡಿಸಿರುವುದು 38. ಅದರಿಂದಲೇ ಶುರು ಮಾಡೋಣ.

ಎಎಫ್‌ಪಿ ಅಂದರೆ ಆಲ್ಫಾ ಫೀಟೋಪ್ರೋಟೀನ್. ಇದು ಕ್ಯಾನ್ಸರ್ ಮಾತ್ರ ತಯಾರಿಸುವ ವಸ್ತು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನಾವೆಲ್ಲ ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮ ಲಿವರೇ ಇದನ್ನು ಧಾರಾಳವಾಗಿ ತಯಾರಿಸುತ್ತಿತ್ತು. ಆಗ ತಾನೇ ಹುಟ್ಟಿದ ಮಗುವಿನ ರಕ್ತದಲ್ಲಿ ಇದು ಹತ್ತಾರು ಸಾವಿರ ಇರುತ್ತದೆ. ಹುಟ್ಟಿದ ಮೇಲೆ ಆ ಕೆಲಸ ನಿಲ್ಲುತ್ತದೆ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಇಳಿದಿರುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದ ಸೀರಮ್ಮಿನಲ್ಲಿ 10 ನ್ಯಾನೊಗ್ರಾಂ ಒಳಗೆ ಇರುತ್ತದೆ. ನಿಮ್ಮ ತಂದೆಯವರ 38 ಅಂದರೆ ಈ ಅಳತೆಯಲ್ಲಿ 38.

ಇದಕ್ಕೂ ಲಿವರ್ ಕ್ಯಾನ್ಸರಿಗೂ ನಂಟು ಗೊತ್ತಾಗಿದ್ದು 1960ರ ದಶಕದಲ್ಲಿ. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಮತ್ತು ಅವರ ಜೊತೆಗಾರರು ಲಿವರ್ ಗಡ್ಡೆ ಇದ್ದ ಇಲಿಗಳ ರಕ್ತದಲ್ಲಿ ಈ ಮಗುವಿನ ಪ್ರೋಟೀನನ್ನು ಕಂಡರು. ಮರುವರ್ಷವೇ ಯೂರಿ ತತಾರಿನೋವ್ ಅದನ್ನು ಲಿವರ್ ಕ್ಯಾನ್ಸರ್ ಇದ್ದ ಮನುಷ್ಯರ ರಕ್ತದಲ್ಲೂ ತೋರಿಸಿದರು. ಕ್ಯಾನ್ಸರ್ ಆದ ಲಿವರ್ ಜೀವಕೋಶ ತನ್ನ ವಯಸ್ಸು ಮರೆತು ಹೊಟ್ಟೆಯೊಳಗಿನ ಮಗುವಿನ ಕಾಲಕ್ಕೆ ಹೋದ ಹಾಗೆ ಆಡುತ್ತದೆ. ನಿಂತಿದ್ದ ಕೆಲಸವನ್ನು ಮತ್ತೆ ಶುರು ಮಾಡುತ್ತದೆ. ಅದಕ್ಕೇ ಇದು ಮಾರ್ಕರ್.

ಆದರೆ ಕ್ಯಾನ್ಸರ್ ಇಲ್ಲದೆಯೂ ಆ ಹಳೆಯ ಕೆಲಸ ಮತ್ತೆ ಶುರುವಾಗಬಹುದು. ಲಿವರಿಗೆ ಪೆಟ್ಟು ಬಿದ್ದಾಗ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಹೊಸ ಜೀವಕೋಶಗಳು ಬೆಳೆಯುತ್ತವೆ. ಬೆಳೆಯುವ ಎಳೆಯ ಕೋಶಗಳು ಸ್ವಲ್ಪ ಎಎಫ್‌ಪಿ ಬಿಡುತ್ತವೆ. ನಿಮ್ಮ ತಂದೆಯವರ ಎಸ್‌ಜಿಪಿಟಿ 112 ಇದೆ. ಲಿವರಿನ ಕೋಶ ಒಡೆದಾಗ ರಕ್ತದಲ್ಲಿ ಏರುವ ವಸ್ತು ಅದು. ಅಂದರೆ ಈಗ ಅವರ ಲಿವರಿನ ಕೋಶಗಳು ಒಡೆಯುತ್ತಿವೆ, ಹೊಸವು ಹುಟ್ಟುತ್ತಿವೆ. 38 ಬರಲು ಇಷ್ಟೇ ಸಾಕು. ವೈರಲ್ ಹೆಪಟೈಟಿಸ್, ಅಂದರೆ ವೈರಸ್ಸಿನಿಂದ ಬರುವ ಲಿವರ್ ಊತ, ಜೋರಾದಾಗ ಎಎಫ್‌ಪಿ ನೂರು, ಇನ್ನೂರು ದಾಟುವುದನ್ನೂ ನಾನು ನೋಡಿದ್ದೇನೆ.

ಕೆಲವು ವರ್ಷದ ಹಿಂದೆ ಹರಿಹರ ಕಡೆಯ ಒಬ್ಬ ಯುವಕ ನನ್ನ ಹತ್ತಿರ ಬಂದಿದ್ದ. ಎಎಫ್‌ಪಿ 240. ಬೇರೆ ಎಲ್ಲೋ ಯಾರೋ ಆ ಕಾಗದ ನೋಡಿ 'ಕ್ಯಾನ್ಸರ್, ಕೊನೆ ಹಂತ' ಅಂದಿದ್ದರು. ಮನೆಯವರು ಅಡಿಕೆ ತೋಟ ಮಾರಲು ಮಾತುಕತೆ ಮುಗಿಸಿಕೊಂಡೇ ಬಂದಿದ್ದರು. ಕಣ್ಣು ಹಳದಿ ಇತ್ತು, ಎಸ್‌ಜಿಪಿಟಿ ಸಾವಿರದ ಹತ್ತಿರ. ಹೆಪಟೈಟಿಸ್ ಬಿ ವೈರಸ್ ಕೆರಳಿತ್ತು ಅಷ್ಟೆ. ಸಿ.ಟಿ. ಮಾಡಿಸಿದೆವು, ಗಡ್ಡೆ ಇರಲಿಲ್ಲ. ವೈರಸ್ಸಿಗೆ ಮಾತ್ರೆ ಕೊಟ್ಟೆವು. ಆರು ತಿಂಗಳಲ್ಲಿ ಎಎಫ್‌ಪಿ 5ಕ್ಕೆ ಇಳಿಯಿತು. ತೋಟ ಉಳಿಯಿತು. ಆ ಮನೆಯವರು ಅನುಭವಿಸಿದ ಒಂದು ತಿಂಗಳ ಸಂಕಟ ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಒಂದು ಅಂಕಿಯನ್ನು ಒಂಟಿಯಾಗಿ ಓದಿದ್ದರಿಂದ ಆದದ್ದು ಅದು.

ಈಗ ನಿಮ್ಮ ದೊಡ್ಡಪ್ಪನ 6. ಅದೂ ಸುಳ್ಳು ರಿಪೋರ್ಟ್ ಅಲ್ಲ. ಲಿವರ್ ಕ್ಯಾನ್ಸರ್ ಇರುವ ಹತ್ತು ಮಂದಿಯಲ್ಲಿ ಮೂರು ನಾಲ್ಕು ಮಂದಿಗೆ ಎಎಫ್‌ಪಿ ನಾರ್ಮಲ್ ಆಗಿಯೇ ಇರುತ್ತದೆ. ಕೆಲವು ಗಡ್ಡೆಗಳು ಈ ಪ್ರೋಟೀನನ್ನು ತಯಾರಿಸುವುದೇ ಇಲ್ಲ. ಗಡ್ಡೆ ಚಿಕ್ಕದಿದ್ದಾಗ ನಾರ್ಮಲ್ ಬರುವುದು ಇನ್ನೂ ಜಾಸ್ತಿ. ದುಃಖದ ವಿಷಯ ಅಂದರೆ ಚಿಕ್ಕದಿದ್ದಾಗಲೇ ಅಲ್ವಾ ನಮಗೆ ಅದು ಸಿಗಬೇಕಾದದ್ದು?

ನಂಬೋದಾ, ಬಿಡೋದಾ ಅಂತ ಕೇಳಿದ್ದೀರಿ. ಒಂದು ಲೆಕ್ಕ ಹಾಕಿ ನೋಡೋಣ. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಗಂಟುಗಂಟಾದ ಸ್ಥಿತಿ ಇರುವ 1000 ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ 30 ಮಂದಿಗೆ ಈಗ ಕ್ಯಾನ್ಸರ್ ಇದೆ ಅಂತಿಟ್ಟುಕೊಳ್ಳೋಣ. ಎಎಫ್‌ಪಿ 20 ದಾಟಿದರೆ ಅನುಮಾನ ಪಡಬೇಕು ಎಂಬ ಗೆರೆ ಹಾಕಿಕೊಂಡರೆ, ಈ ಟೆಸ್ಟ್ ಕ್ಯಾನ್ಸರ್ ಇರುವ 100 ಮಂದಿಯಲ್ಲಿ ಸುಮಾರು 60 ಮಂದಿಯನ್ನು ಹಿಡಿಯುತ್ತದೆ. ಕ್ಯಾನ್ಸರ್ ಇಲ್ಲದ 100 ಮಂದಿಯಲ್ಲಿ ಸುಮಾರು 10 ಮಂದಿಗೆ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಹಾಗಾದರೆ 30ರಲ್ಲಿ 18 ಮಂದಿ ಸಿಕ್ಕರು. ಕ್ಯಾನ್ಸರ್ ಇಲ್ಲದ 970 ಮಂದಿಯಲ್ಲಿ 97 ಮಂದಿಗೂ 20ರ ಮೇಲೆ ಬಂತು. ಒಟ್ಟು 115 ಮಂದಿಗೆ ಏರಿದೆ, ಅವರಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು 18. ಆರರಲ್ಲಿ ಒಬ್ಬರು ಅಂತ ಹೇಳಬಹುದು. ನಾರ್ಮಲ್ ಬಂದು ನೆಮ್ಮದಿಯಾಗಿ ಮನೆಗೆ ಹೋದ 885 ಮಂದಿಯಲ್ಲಿ 12 ಮಂದಿಗೆ ಒಳಗೆ ಕ್ಯಾನ್ಸರ್ ಇದೆ. ಆ 12 ಮಂದಿಯಲ್ಲಿ ಒಬ್ಬರು ನಿಮ್ಮ ದೊಡ್ಡಪ್ಪನಂಥವರು.

ಇದು ಸಿರೋಸಿಸ್ ಇರುವವರ ಲೆಕ್ಕ. ಲಿವರ್ ಆರೋಗ್ಯವಾಗಿ ಇರುವವರಲ್ಲಿ ಈ ಕ್ಯಾನ್ಸರ್ ಅಪರೂಪ. ಅಂಥವರ ಗುಂಪಿನಲ್ಲಿ ಎಎಫ್‌ಪಿ ಸ್ವಲ್ಪ ಏರಿ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರದೂ ಸುಳ್ಳು ಗಾಬರಿಯೇ. ಹೀಗಾಗಿ ಫುಲ್ ಬಾಡಿ ಪ್ಯಾಕೇಜಿನಲ್ಲಿ ಎಎಫ್‌ಪಿ ಸೇರಿಸುವುದು ನನಗೆ ಕೊಂಚವೂ ಸರಿ ಕಾಣುವುದಿಲ್ಲ. ಬೇಕಾದವರಿಗೆ ಬೇಕಾದ ಟೆಸ್ಟ್ ಇದು. ಲಿವರ್ ಕಾಯಿಲೆ ಇಲ್ಲದವರಿಗೆ ಮಾಡಿದರೆ ಭಯ ಮಾತ್ರ ಸಿಗುತ್ತದೆ. ಲಿವರ್ ಕಾಯಿಲೆ ಇರುವವರಿಗೆ ಸ್ಕ್ಯಾನಿಂಗ್ ಇಲ್ಲದೆ ಇದೊಂದನ್ನೇ ಮಾಡಿದರೆ ಸುಳ್ಳು ಧೈರ್ಯ ಸಿಗುತ್ತದೆ. ಎರಡನೆಯದೇ ಜಾಸ್ತಿ ಅಪಾಯ.

ನಿಮ್ಮ ತಂದೆಯವರ ವಿಷಯ ಬೇರೆ. ಆ ಪ್ಯಾಕೇಜ್ ಮಾಡಿಸಿದ್ದು ಈಗ ಉಪಯೋಗಕ್ಕೆ ಬಂತು ಅಂತಲೇ ಹೇಳುತ್ತೇನೆ. ಸ್ಕ್ಯಾನಿಂಗಿನಲ್ಲಿ 'ಕೋರ್ಸ್' ಎಂದು ಬರೆದಿದ್ದಾರೆ. ಅಂದರೆ ಲಿವರ್ ನುಣ್ಣಗೆ ಕಾಣುವ ಬದಲು ಒರಟಾಗಿ ಕಾಣುತ್ತಿದೆ. ಇಷ್ಟರಿಂದಲೇ ಸಿರೋಸಿಸ್ ಎಂದು ಹೇಳಲಾಗದು. ಆದರೆ ಅನುಮಾನ ಪಡಲೇಬೇಕು. ಪ್ಲೇಟ್‌ಲೆಟ್ ಎಷ್ಟಿದೆ, ಆಲ್ಬುಮಿನ್ ಎಷ್ಟಿದೆ, ಗುಲ್ಮ ದೊಡ್ಡದಾಗಿದೆಯಾ ಎಂದು ಅದೇ ರಿಪೋರ್ಟಿನಲ್ಲಿ ನೋಡಿ. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇದ್ದರೆ ನನ್ನ ಅನುಮಾನ ಜಾಸ್ತಿಯಾಗುತ್ತದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಎಂಬ ಪರೀಕ್ಷೆ ಇದೆ. ನೋವಿಲ್ಲ, ಸೂಜಿ ಇಲ್ಲ, ಹತ್ತು ನಿಮಿಷದ ಕೆಲಸ.

ಅಂಕಿಗಿಂತ ಅದು ಹೋಗುತ್ತಿರುವ ದಾರಿ ಮುಖ್ಯ. ಇವತ್ತು 38, ಮೂರು ತಿಂಗಳಿಗೆ 36, ಆರು ತಿಂಗಳಿಗೆ 30 ಅಂದರೆ ಮನಸ್ಸಿಗೆ ಸಮಾಧಾನ. 38, 75, 160 ಎಂದು ಹತ್ತುತ್ತಾ ಹೋದರೆ ಗಡ್ಡೆ ಕಾಣದಿದ್ದರೂ ನಾನು ಬಿಡದೆ ಹುಡುಕುತ್ತೇನೆ. ಎಸ್‌ಜಿಪಿಟಿ ಇಳಿಯುತ್ತಿದ್ದು ಎಎಫ್‌ಪಿ ಮಾತ್ರ ಏರುತ್ತಿದ್ದರೆ ಅದು ಇನ್ನೂ ಕೆಟ್ಟ ಸೂಚನೆ. ಈ ದಾರಿ ಸರಿಯಾಗಿ ಕಾಣಬೇಕಾದರೆ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಒಂದೊಂದು ಲ್ಯಾಬಿನ ಯಂತ್ರ ಒಂದೊಂದು ಥರ. ಕೆಲವು ಕಡೆ ನ್ಯಾನೊಗ್ರಾಂ ಬದಲು ಇಂಟರ್‌ನ್ಯಾಷನಲ್ ಯೂನಿಟ್ಟಿನಲ್ಲಿ ಬರೆಯುತ್ತಾರೆ. ಅಲ್ಲಿ ಅದೇ ರಕ್ತ 38ರ ಬದಲು ಸುಮಾರು 31 ಅಂತ ಬರುತ್ತದೆ. ಕಮ್ಮಿ ಆಯಿತು ಅಂತ ಖುಷಿಪಟ್ಟು ಬಂದವರನ್ನು ನೋಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು. ಕೆಲವು ಯಂತ್ರಗಳಲ್ಲಿ ಅದು ರಿಪೋರ್ಟನ್ನೇ ಕೆಡಿಸುತ್ತದೆ.

400 ದಾಟಿದರೆ ಕ್ಯಾನ್ಸರ್ ಗ್ಯಾರಂಟಿ ಅಂತ ಒಂದು ಮಾತು ಓಡಾಡುತ್ತದೆ. ಸಿರೋಸಿಸ್ ಇದ್ದು, ಸ್ಕ್ಯಾನಿಂಗಿನಲ್ಲಿ ಗಡ್ಡೆಯೂ ಇದ್ದು, 400 ದಾಟಿದರೆ ಅನುಮಾನ ತುಂಬಾ ಬಲವಾಗುತ್ತದೆ, ನಿಜ. ಆದರೆ ವೃಷಣದ ಮತ್ತು ಅಂಡಾಶಯದ ಕೆಲವು ಗಡ್ಡೆಗಳಲ್ಲೂ ಇದು ಸಾವಿರಗಟ್ಟಲೆ ಏರುತ್ತದೆ. ಅಪರೂಪಕ್ಕೆ ಜಠರದ ಕ್ಯಾನ್ಸರಿನಲ್ಲೂ ಏರುತ್ತದೆ. ಚಿಕ್ಕ ಹುಡುಗನೊಬ್ಬ ಎಎಫ್‌ಪಿ ಜಾಸ್ತಿ ಅಂತ ಬಂದರೆ ಲಿವರಿನ ಜೊತೆ ಬೇರೆ ಕಡೆಯೂ ಪರೀಕ್ಷೆ ಮಾಡಿ ನೋಡುತ್ತೇವೆ.

ಈಗ ಆ ಇನ್ನೊಂದು ಲ್ಯಾಬಿನವರು ಹೇಳಿದ ಟೆಸ್ಟುಗಳು. ಪಿವ್ಕಾ ಒಳ್ಳೆಯ ಟೆಸ್ಟೇ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ವಸ್ತುವನ್ನು ಲಿವರ್ ತಯಾರಿಸುತ್ತದೆ. ಅದು ಪೂರ್ತಿಯಾಗಲು ವಿಟಮಿನ್ ಕೆ ಬೇಕು. ಲಿವರ್ ಕ್ಯಾನ್ಸರಿನ ಕೋಶಗಳು ಅದನ್ನು ಅರ್ಧಂಬರ್ಧ ಮಾಡಿ ರಕ್ತಕ್ಕೆ ಬಿಡುತ್ತವೆ. ಆ ಅರ್ಧಂಬರ್ಧ ಸರಕೇ ಪಿವ್ಕಾ. ಎಎಫ್‌ಪಿ ತಯಾರಿಸದ ಕೆಲವು ಗಡ್ಡೆಗಳು ಪಿವ್ಕಾ ತಯಾರಿಸುತ್ತವೆ, ಅಲ್ಲಿ ಇದು ನೆರವಿಗೆ ಬರುತ್ತದೆ. ಆದರೆ ಕಾಮಾಲೆಯಾಗಿ ಪಿತ್ತನಾಳ ಕಟ್ಟಿದ್ದರೂ ಏರುತ್ತದೆ. ವಿಟಮಿನ್ ಕೆ ಕಡಿಮೆ ಇದ್ದರೂ ಏರುತ್ತದೆ. ಹೃದಯದ ವಾಲ್ವ್ ಆಪರೇಷನ್ ಆದವರು ತೆಗೆದುಕೊಳ್ಳುವ ವಾರ್ಫರಿನ್ ಮಾತ್ರೆಯಿಂದಲೂ ಏರುತ್ತದೆ.

ಎಎಫ್‌ಪಿ ಎಲ್3 ಅಂತ ಇನ್ನೊಂದು ಇದೆ. ಕ್ಯಾನ್ಸರ್ ಕೋಶ ಬಿಡುವ ಎಎಫ್‌ಪಿಯ ಮೇಲೆ ಒಂದು ಸಕ್ಕರೆಯ ತುಣುಕು ಬೇರೆ ಥರ ಅಂಟಿಕೊಂಡಿರುತ್ತದೆ. ಅದನ್ನು ಬೇರ್ಪಡಿಸಲು ಮಸೂರ ಬೇಳೆಯಿಂದ ತೆಗೆದ ಒಂದು ಪ್ರೋಟೀನ್ ಬಳಸುತ್ತಾರೆ. ನಾವು ಸಾರಿಗೆ ಹಾಕುವ ಅದೇ ಮಸೂರ! ನನಗೆ ಈ ವಿಷಯ ಮೊದಲ ಸಲ ಓದಿದಾಗ ಬಹಳ ಆಶ್ಚರ್ಯ, ಸಂತೋಷ ಎರಡೂ ಆಗಿತ್ತು. ವಯಸ್ಸು, ಗಂಡೋ ಹೆಣ್ಣೋ, ಎಎಫ್‌ಪಿ, ಎಲ್3, ಪಿವ್ಕಾ ಎಲ್ಲ ಸೇರಿಸಿ ಗಾಲಾಡ್ ಎಂಬ ಒಂದು ಅಂಕ ಲೆಕ್ಕ ಹಾಕುವ ಪದ್ಧತಿಯೂ ಬಂದಿದೆ. ಒಂದೊಂದು ಮಾರ್ಕರನ್ನು ಬೇರೆ ಬೇರೆ ನೋಡುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಅದು ಸ್ಕ್ಯಾನಿಂಗಿನ ಜಾಗ ತುಂಬಲಾರದು.

ಸಿಎ 19-9 ಈಗ ಬೇಡವೇ ಬೇಡ. ಅದು ಮೇದೋಜೀರಕ ಗ್ರಂಥಿ ಮತ್ತು ಪಿತ್ತನಾಳದ ಕ್ಯಾನ್ಸರಿಗೆ ಸಂಬಂಧಿಸಿದ್ದು. ಪಿತ್ತನಾಳದಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೂ ಅದು ಏರುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೂ ಸ್ವಲ್ಪ ಏರಬಹುದು. ನಿಮ್ಮ ಮನೆಗೆ ಇನ್ನೊಂದು ಭಯದ ಅಂಕಿ ಬರುವುದು ಬೇಡ. ಸದ್ಯಕ್ಕೆ ಪಿವ್ಕಾ ಕೂಡ ಮುಂದಕ್ಕೆ ಹಾಕಿ. ಆ ದುಡ್ಡನ್ನು ನಾನು ಈಗ ಹೇಳುವ ಸ್ಕ್ಯಾನಿಂಗಿಗೆ ಇಟ್ಟುಕೊಳ್ಳಿ.

ಅದರ ಹೆಸರು ಟ್ರೈಫೇಸಿಕ್ ಸಿ.ಟಿ. ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನಮ್ಮ ಭದ್ರಾ ನಾಲೆ ಕಡೆಯ ರೈತರಿಗೆ ಬೇಗ ಅರ್ಥವಾಗುತ್ತದೆ. ಒಂದು ಹೊಲಕ್ಕೆ ನಾಲೆ ನೀರೂ ಇದೆ, ಬೋರ್ ನೀರೂ ಇದೆ ಅಂದುಕೊಳ್ಳಿ. ಲಿವರಿಗೆ ಹಾಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದಿಂದ. ಇದು ನಾಲೆ. ಕಾಲು ಪಾಲು ಹೃದಯದ ಕಡೆಯಿಂದ ಬರುವ ಅಪಧಮನಿಯಿಂದ. ಇದು ಬೋರ್. ಲಿವರ್ ಕ್ಯಾನ್ಸರಿನ ಗಡ್ಡೆ ನಾಲೆಯನ್ನು ಬಿಟ್ಟು ಬೋರಿಗೆ ತನ್ನದೇ ಪೈಪ್ ಎಳೆದುಕೊಂಡಿರುತ್ತದೆ. ಕೈಯ ನರಕ್ಕೆ ಔಷಧಿ ಬಿಟ್ಟಾಗ ಅದು ಮೊದಲು ಬೋರ್ ದಾರಿಯಲ್ಲಿ ಬರುತ್ತದೆ. ಆಗ ತೆಗೆದ ಚಿತ್ರದಲ್ಲಿ ಉಳಿದ ಹೊಲ ಇನ್ನೂ ಒಣಗಿರುವಾಗ ಗಡ್ಡೆಯ ಜಾಗ ಮಾತ್ರ ಒದ್ದೆಯಾಗಿ ಹೊಳೆಯುತ್ತದೆ. ಸ್ವಲ್ಪ ಹೊತ್ತಿಗೆ ನಾಲೆ ನೀರು ಬಂದು ಇಡೀ ಹೊಲ ಒದ್ದೆಯಾಗುತ್ತದೆ. ಅಷ್ಟರಲ್ಲಿ ಗಡ್ಡೆಯ ಜಾಗ ಒಣಗಲು ಶುರುವಾಗಿ ಕಪ್ಪಗೆ ಕಾಣುತ್ತದೆ. ಮೊದಲು ಹೊಳೆದು ಆಮೇಲೆ ಕಪ್ಪಾಗುವ ಈ ಗುರುತು ಒಂದು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಯಲ್ಲಿ ಸ್ಪಷ್ಟವಾಗಿ ಕಂಡರೆ, ಮತ್ತು ಆ ವ್ಯಕ್ತಿಗೆ ಸಿರೋಸಿಸ್ ಅಥವಾ ಬಹುಕಾಲದ ಹೆಪಟೈಟಿಸ್ ಬಿ ಇದ್ದರೆ, ಲಿವರ್ ಕ್ಯಾನ್ಸರ್ ಎಂದು ತೀರ್ಮಾನಿಸಬಹುದು. ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿ ಕೂಡ ಬೇಕಾಗುವುದಿಲ್ಲ. ಬೇರೆ ಅಂಗಗಳ ಕ್ಯಾನ್ಸರುಗಳಲ್ಲಿ ಹೀಗಿಲ್ಲ, ಅಲ್ಲಿ ಸಾಮಾನ್ಯವಾಗಿ ಬಯಾಪ್ಸಿ ಬೇಕೇ ಬೇಕು. ಎಎಫ್‌ಪಿ ನಾರ್ಮಲ್ ಇದ್ದರೂ ಈ ತೀರ್ಮಾನ ಬದಲಾಗುವುದಿಲ್ಲ.

ಸಿ.ಟಿ. ಬರೆಸಿಕೊಳ್ಳುವಾಗ 'ಟ್ರೈಫೇಸಿಕ್, ಲಿವರಿಗೆ' ಎಂದು ಚೀಟಿಯಲ್ಲಿ ಇದೆಯಾ ನೋಡಿಕೊಳ್ಳಿ. ಮಾಮೂಲಿ ಹೊಟ್ಟೆಯ ಸಿ.ಟಿ. ಮಾಡಿಸಿಕೊಂಡು ಬಂದು, ಮತ್ತೊಮ್ಮೆ ಮಾಡಿಸಬೇಕಾಗಿ ದುಡ್ಡು ಕಳೆದುಕೊಂಡವರು ತುಂಬಾ ಇದ್ದಾರೆ. ಮೊದಲು ಕ್ರಿಯಾಟಿನಿನ್ ನೋಡಬೇಕು, ಕಿಡ್ನಿ ಸರಿ ಇದೆಯಾ ಅಂತ. ನಿಮ್ಮ ತಂದೆಯವರು ಶುಗರಿಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಸ್ಕ್ಯಾನಿಂಗಿನವರಿಗೆ ಹೇಳಿ. ಕಿಡ್ನಿ ಸರಿ ಇಲ್ಲದಿದ್ದರೆ ಎಂ.ಆರ್.ಐ. ಮಾಡಬಹುದಾ ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. ದಾವಣಗೆರೆಯಲ್ಲೇ ಆಗುತ್ತದೆ.

ಇನ್ನು ದೊಡ್ಡಪ್ಪನ ವಿಷಯ.

ಕುಡಿಯದ ಮನೆಯಲ್ಲಿ ಅಣ್ಣನಿಗೆ ಲಿವರ್ ಕ್ಯಾನ್ಸರ್, ತಮ್ಮನಿಗೆ ಲಿವರ್ ಒರಟು. ಇದನ್ನು ಓದಿದ ಕೂಡಲೇ ನನಗೆ ಹೊಳೆದದ್ದು ಹೆಪಟೈಟಿಸ್ ಬಿ. ನೀವು ಬರೆದ ಟೆಸ್ಟುಗಳ ಪಟ್ಟಿಯಲ್ಲಿ ಅದು ಎಲ್ಲೂ ಇಲ್ಲ. ಎಎಫ್‌ಪಿ ಸೇರಿಸಿದ ಪ್ಯಾಕೇಜಿನಲ್ಲಿ ಎಚ್‌ಬಿಎಸ್‌ಎಜಿ ಎಂಬ, ಆ ವೈರಸ್ ಇದೆಯಾ ಎಂದು ತಿಳಿಸುವ ಸಣ್ಣ ಟೆಸ್ಟ್ ಇಲ್ಲದೆ ಹೋಯಿತಲ್ಲ ಎಂದು ನಿಜವಾಗಿ ಸಂಕಟವಾಯಿತು. ನಿಮ್ಮ ಮನೆಗೆ ಮೊದಲು ಬೇಕಾಗಿದ್ದುದು ಅದು.

ಯಾಕೆ ಅಂತ ಹೇಳುತ್ತೇನೆ. ಈ ವೈರಸ್ ದೊಡ್ಡವರಿಗೆ ಬಂದರೆ 100ರಲ್ಲಿ 95 ಮಂದಿಯ ದೇಹ ಅದನ್ನು ತಾನಾಗಿಯೇ ಓಡಿಸುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬಂದರೆ 100ರಲ್ಲಿ 90 ಮಕ್ಕಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ಮೂವತ್ತು ನಲವತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ಹೊಲದ ಕೆಲಸ, ಮದುವೆ, ಮಕ್ಕಳು ಎಲ್ಲ ನಡೆದುಕೊಂಡು ಹೋಗುತ್ತದೆ. ಒಳಗೆ ಲಿವರ್ ನಿಧಾನವಾಗಿ ಸವೆಯುತ್ತಿರುತ್ತದೆ. ಐವತ್ತರ ಆಸುಪಾಸಿನಲ್ಲಿ ಒಂದೊಂದಾಗಿ ಹೊರಗೆ ಬರುತ್ತದೆ. ಒಬ್ಬ ತಾಯಿಯ ಮಕ್ಕಳಲ್ಲಿ ಇಬ್ಬರು ಮೂವರಿಗೆ ಹೀಗೆ ಆಗಿರುವ ಮನೆಗಳನ್ನು ನೋಡಿದ್ದೇನೆ. ಜನ ಅದನ್ನು 'ವಂಶದಲ್ಲಿ ಇದೆ' ಅನ್ನುತ್ತಾರೆ, ಹಣೆಬರಹ ಅನ್ನುತ್ತಾರೆ. ಎಷ್ಟೋ ಸಲ ಅದು ವೈರಸ್. ಈ ವೈರಸ್ಸಿಗೆ ಮಾತ್ರೆ ಇದೆ. ಇನ್ನೊಂದು ವಿಷಯ: ಹೆಪಟೈಟಿಸ್ ಬಿ ಇರುವವರಲ್ಲಿ ಸಿರೋಸಿಸ್ ಆಗದೆಯೇ ನೇರವಾಗಿ ಕ್ಯಾನ್ಸರ್ ಬರುವುದೂ ಉಂಟು.

ಹಾಗಾಗಿ ನಾನು ಹೇಳಿದ ರಕ್ತದ ಪರೀಕ್ಷೆ ಇದೇ. ಎಚ್‌ಬಿಎಸ್‌ಎಜಿ ಮತ್ತು ಹೆಪಟೈಟಿಸ್ ಸಿ ಆಂಟಿಬಾಡಿ, ಎರಡೂ ಒಟ್ಟಿಗೆ. ದೊಡ್ಡಪ್ಪನ ಹಳೆಯ ಫೈಲ್ ಮನೆಯಲ್ಲಿ ಇದ್ದರೆ ತೆಗೆದು ನೋಡಿ. ಅವರಿಗೆ ಈ ಟೆಸ್ಟ್ ಮಾಡಿಸಿರಬಹುದು. ಬಿ ಪಾಸಿಟಿವ್ ಬಂದರೆ ವೈರಸ್ ಎಷ್ಟಿದೆ ಎಂದು ಡಿಎನ್‌ಎ ಪರೀಕ್ಷೆ ಮಾಡಿ, ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ಕೊಡುತ್ತಾರೆ. ದಿನಕ್ಕೆ ಒಂದು ಮಾತ್ರೆ, ಬಹುಕಾಲ. ಕ್ಯಾನ್ಸರ್ ಬರುವ ಸಂಭವ ಅದರಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸಿ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ 100ರಲ್ಲಿ 95ಕ್ಕೂ ಹೆಚ್ಚು ಮಂದಿಗೆ ವೈರಸ್ ಪೂರ್ತಿ ಹೋಗುತ್ತದೆ. 2018ರಲ್ಲಿ ಶುರುವಾದ ಕೇಂದ್ರ ಸರ್ಕಾರದ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಪರೀಕ್ಷೆ ಮತ್ತು ಮಾತ್ರೆ ಉಚಿತ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಪಾಸಿಟಿವ್ ಬಂದರೆ ತಂದೆಯವರ ತಟ್ಟೆ ಲೋಟ ಬೇರೆ ಇಡಬೇಡಿ. ಒಟ್ಟಿಗೆ ಉಂಡರೆ, ಅಪ್ಪಿಕೊಂಡರೆ ಇದು ಬರುವುದಿಲ್ಲ. ಒಂದೇ ಬ್ಲೇಡ್, ಒಂದೇ ಸೂಜಿ, ರಕ್ತ, ದಾಂಪತ್ಯ, ಹೆರಿಗೆ, ಇವುಗಳಿಂದ ಬರುತ್ತದೆ. ನಿಮ್ಮ ತಾಯಿ, ನೀವು, ಅಕ್ಕ, ದೊಡ್ಡಪ್ಪನ ಮಕ್ಕಳು, ಇದ್ದರೆ ಅಜ್ಜಿ, ಎಲ್ಲರೂ ಒಮ್ಮೆ ಎಚ್‌ಬಿಎಸ್‌ಎಜಿ ಮಾಡಿಸಿ. ನೆಗೆಟಿವ್ ಬಂದವರು ಲಸಿಕೆ ಹಾಕಿಸಿಕೊಳ್ಳಿ, ಮೂರು ಡೋಸ್.

ಎರಡೂ ವೈರಸ್ ಇಲ್ಲ ಅಂತ ಬಂದರೆ? ಆಗ ಶುಗರಿನ ಜೊತೆಗೆ ಬಂದ ಫ್ಯಾಟಿ ಲಿವರ್ ಮೇಲೆ ನನ್ನ ಅನುಮಾನ. ಕುಡಿಯದವರಿಗೂ ಅದರಿಂದ ಸಿರೋಸಿಸ್ ಆಗುತ್ತದೆ, ಈಗ ಜಾಸ್ತಿ ಆಗುತ್ತಿದೆ. ಚಳ್ಳಕೆರೆ ಕಡೆಯವರಾದ್ದರಿಂದ ಇನ್ನೊಂದು ಮಾತು. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಲಿವರ್ ಕ್ಯಾನ್ಸರಿಗೆ ಒಂದು ಕಾರಣ, ಹೆಪಟೈಟಿಸ್ ಬಿ ಇರುವವರಲ್ಲಿ ಇನ್ನೂ ಹೆಚ್ಚು. ಹುರಿದರೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಕಾಯಿ ಮಂಡಿಗೆ ಕಳಿಸಿ, ಮುರುಟಿದ್ದು, ಕಪ್ಪಾಗಿದ್ದು ಮನೆಗೆ ಇಟ್ಟುಕೊಳ್ಳುವ ರೂಢಿ ಎಷ್ಟೋ ಕಡೆ ಇದೆ. ದಯವಿಟ್ಟು ಅದನ್ನು ಬಿಡಿ.

ಲಿವರಿಗೆ ಅಂತ ಯಾರಾದರೂ ಪುಡಿ, ಕಷಾಯ ಕೊಟ್ಟಿದ್ದರೆ ಸದ್ಯಕ್ಕೆ ನಿಲ್ಲಿಸಿ. ಎಸ್‌ಜಿಪಿಟಿ 112 ಇರುವಾಗ ಒಳಗೆ ಏನಿದೆಯೋ ಗೊತ್ತಿಲ್ಲದ್ದು ಹಾಕುವುದು ಬೇಡ.

ಸಿ.ಟಿ.ಯಲ್ಲಿ ಏನೂ ಇಲ್ಲ ಅಂತ ಬಂದರೆ, ಮೂರು ತಿಂಗಳಿಗೆ ಎಎಫ್‌ಪಿ ಮತ್ತು ಅಲ್ಟ್ರಾಸೌಂಡ್ ಮತ್ತೊಮ್ಮೆ. ಅದೂ ಸರಿ ಇದ್ದರೆ ಆಮೇಲೆ ಆರು ತಿಂಗಳಿಗೊಮ್ಮೆ ಎರಡೂ, ತಪ್ಪಿಸದೆ. ಆರು ತಿಂಗಳೇ ಯಾಕೆ ಅಂದರೆ ಈ ಗಡ್ಡೆ ಎರಡರಷ್ಟಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ವರ್ಷಕ್ಕೊಮ್ಮೆ ನೋಡಿದರೆ ಕೈತಪ್ಪಬಹುದು. ಹೊಳಲ್ಕೆರೆ ಕಡೆಯ ಒಬ್ಬ ಹಿರಿಯರು ಹೀಗೆ ತಪ್ಪದೆ ಬರುತ್ತಿದ್ದರು. ಎಎಫ್‌ಪಿ ಯಾವಾಗಲೂ 7, 8. ಒಂದು ಸಲ ಅಲ್ಟ್ರಾಸೌಂಡಿನಲ್ಲಿ ಎರಡು ಸೆಂಟಿಮೀಟರಿನ ಗಡ್ಡೆ ಕಂಡಿತು. ಆ ದಿನವೂ ಎಎಫ್‌ಪಿ 7. ಸೂಜಿಯಿಂದ ಅದನ್ನು ಸುಟ್ಟರು. ಆರು ವರ್ಷ ಆಯಿತು, ಈಗಲೂ ಆರು ತಿಂಗಳಿಗೊಮ್ಮೆ ಬರುತ್ತಾರೆ, ಬರುವಾಗ ತೋಟದ ಎಳನೀರು ತರುತ್ತಾರೆ. ರಕ್ತದ ರಿಪೋರ್ಟನ್ನು ಮಾತ್ರ ನಂಬಿ ಕೂತಿದ್ದರೆ ಅವರು ಇವತ್ತು ಇರುತ್ತಿರಲಿಲ್ಲವೇನೋ. ಚಿಕ್ಕದಿದ್ದಾಗ ಸಿಕ್ಕರೆ ಸುಡಬಹುದು, ಕತ್ತರಿಸಿ ತೆಗೆಯಬಹುದು, ಲಿವರನ್ನೇ ಬದಲಾಯಿಸಬಹುದು. ಒಂದು ವೇಳೆ ನಿಮ್ಮ ತಂದೆಯವರ ಸಿ.ಟಿ.ಯಲ್ಲಿ ಗಡ್ಡೆ ಕಂಡರೂ ಅದು ಅಲ್ಟ್ರಾಸೌಂಡಿಗೆ ಸಿಗದಷ್ಟು ಚಿಕ್ಕದಿರುವ ಸಾಧ್ಯತೆ ಇದೆ. ಹೆದರಿ ಸಿ.ಟಿ.ಯನ್ನು ಮುಂದಕ್ಕೆ ಹಾಕಬೇಡಿ. ಗಡ್ಡೆ ಸಿಕ್ಕಿ ಚಿಕಿತ್ಸೆ ಕೊಟ್ಟರೆ, ಅದು ಎಷ್ಟು ಫಲ ಕೊಟ್ಟಿತು ಎಂದು ನೋಡಲು ಎಎಫ್‌ಪಿ ತುಂಬಾ ಉಪಯೋಗಕ್ಕೆ ಬರುತ್ತದೆ. ಗಡ್ಡೆ ಪೂರ್ತಿ ಹೋದರೆ ರಕ್ತದಲ್ಲಿ ಅದು ಪ್ರತಿ ಐದಾರು ದಿನಕ್ಕೆ ಅರ್ಧ ಅರ್ಧ ಇಳಿಯುತ್ತದೆ. ಇಳಿದದ್ದು ಮತ್ತೆ ಏರಿದರೆ ಎಚ್ಚರವಾಗುತ್ತೇವೆ. ಪಿವ್ಕಾ ಕೂಡ ಆಗ ಮಾಡಿಸೋಣ.

ಅಕ್ಕನಿಗೆ ಎಎಫ್‌ಪಿ ಮಾಡಿಸಬೇಡಿ. ಅವರ ಹೊಟ್ಟೆಯಲ್ಲಿರುವ ಮಗುವಿನ ಲಿವರ್ ಈಗ ಅದನ್ನೇ ತಯಾರಿಸುತ್ತಿದೆ. ಸ್ವಲ್ಪ ಭಾಗ ತಾಯಿಯ ರಕ್ತಕ್ಕೂ ಬರುತ್ತದೆ. ಐದನೇ ತಿಂಗಳಲ್ಲಿ ಅಕ್ಕನ ರಿಪೋರ್ಟಿನಲ್ಲಿ ಅಪ್ಪನಿಗಿಂತ ಜಾಸ್ತಿ ಬಂದರೂ ಅದು ಸಹಜ. ಬಸುರಿನಲ್ಲಿ ಈ ಟೆಸ್ಟ್ ಮಾಡುವುದು ಬೇರೆ ಕಾರಣಕ್ಕೆ, ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿದೆಯಾ ಎಂದು ತಿಳಿಯಲು. ಅದನ್ನು ಅವರ ಹೆರಿಗೆ ಡಾಕ್ಟರು ನೋಡಿಕೊಳ್ಳುತ್ತಾರೆ.

ಅಕ್ಕನ ತಾಯಿ ಕಾರ್ಡ್ ತೆಗೆದು ಎಚ್‌ಬಿಎಸ್‌ಎಜಿ ಬರೆದಿದ್ದಾರಾ ನೋಡಿ. ಬರೆದಿಲ್ಲ ಅಂದರೆ ಈ ವಾರವೇ ಮಾಡಿಸಿ. ಪಾಸಿಟಿವ್ ಇದ್ದು ವೈರಸ್ ಜಾಸ್ತಿ ಇದ್ದರೆ ಏಳನೇ ತಿಂಗಳಿಂದ ಟೆನೊಫೊವಿರ್ ಕೊಡುತ್ತಾರೆ, ಬಸುರಿಯರಿಗೆ ಅದನ್ನು ಕೊಡಬಹುದು. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಲೇಬೇಕು. ಅಮ್ಮ ಪಾಸಿಟಿವ್ ಇದ್ದರೆ ಜೊತೆಗೆ ಇಮ್ಯುನೊಗ್ಲೋಬುಲಿನ್ ಇಂಜೆಕ್ಷನ್ ಕೂಡ, ಆದಷ್ಟೂ ಮೊದಲ 12 ಗಂಟೆಯೊಳಗೆ. ಆ ಇಂಜೆಕ್ಷನ್ ಎಲ್ಲ ಕಡೆ ಕೂಡಲೇ ಸಿಗುವುದಿಲ್ಲ. ಹೆರಿಗೆ ಎಲ್ಲಿ ಮಾಡಿಸುತ್ತೀರೋ ಅಲ್ಲಿ ಈಗಲೇ ಹೇಳಿ ತರಿಸಿ ಇಡಿಸಿ.